ತಲೆಯಿಂದ ಪಾದದವರೆಗೂ ಕಾಣುವ ಕುಣಿತ

ಪ್ರಶ್ನೆ: ಸರ್, ನಾನು ನಿವೃತ್ತ ಶಾಲಾ ಶಿಕ್ಷಕಿ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಭರತನಾಟ್ಯ ಕಲಿತೆ, ಆಮೇಲೆ ಬಿಟ್ಟೆ. ಹೋದ ತಿಂಗಳು ಮೊಮ್ಮಗ ಟಿವಿಯಲ್ಲಿ ಏನೋ ಹುಡುಕುತ್ತಿದ್ದಾಗ 1935ರ ‘ಟಾಪ್ ಹ್ಯಾಟ್’ ಸಿನಿಮಾ ಕಣ್ಣಿಗೆ ಬಿತ್ತು. ಸುಮ್ನೆ ಐದು ನಿಮಿಷ ನೋಡೋಣ ಅಂತ ಕೂತವಳು ಪೂರ್ತಿ ನೋಡಿದೆ. ಆಮೇಲೆ ಕುಣಿತದ ಭಾಗಗಳನ್ನಷ್ಟೇ ಮೂರ್ನಾಲ್ಕು ಸಲ ಹಾಕಿಸಿಕೊಂಡೆ. ಮೊಮ್ಮಗ ನಗುತ್ತಾನೆ. “ಅಜ್ಜಿ, ಇದರಲ್ಲಿ ಕಥೇನೂ ಇಲ್ಲ, ಬಣ್ಣಾನೂ ಇಲ್ಲ. ಇಬ್ಬರೇ ಕುಣೀತಾರೆ, ಅದೂ ಎಲ್ಲಾ ಟ್ರಿಕ್ಕು” ಅಂತಾನೆ. ಹಳೆಯದು ಅನ್ನುವ ಮೋಹಕ್ಕೆ ನನಗೆ ಇಷ್ಟವಾಯಿತೋ, ಇಲ್ಲ ಅದರಲ್ಲಿ ನಿಜವಾಗಿ ಏನಾದರೂ ಇದೆಯೋ? ಅವರು ನಿಜಕ್ಕೂ ಹಾಗೆ ಕುಣಿದರಾ? ಮುಂದೆ ಯಾವುದನ್ನು ನೋಡಲಿ?

ಉತ್ತರ: ನಮಸ್ಕಾರ ಮೇಡಂ. ಮೊದಲು ಮೊಮ್ಮಗನ ಮಾತಿಗೇ ಬರುತ್ತೇನೆ. ಕಥೆ ಇಲ್ಲ ಅಂದನಲ್ಲ, ಅದು ಮುಕ್ಕಾಲು ಪಾಲು ಸರಿ. ಒಬ್ಬಳು ಒಬ್ಬನನ್ನು ತನ್ನ ಗೆಳತಿಯ ಗಂಡ ಅಂತ ತಪ್ಪು ತಿಳಿಯುತ್ತಾಳೆ. ಅಷ್ಟೇ ಕಥೆ. ಯಾರಾದರೂ ಒಮ್ಮೆ ಬಾಯಿಬಿಟ್ಟು “ನಿನ್ನ ಹೆಸರೇನಪ್ಪಾ” ಅಂತ ಕೇಳಿದ್ದರೆ ಸಿನಿಮಾ ಅರ್ಧ ಗಂಟೆಗೆ ಮುಗಿದುಹೋಗುತ್ತಿತ್ತು. ಬಣ್ಣವೂ ಇಲ್ಲ, ಒಪ್ಪಿದೆ. ವೆನಿಸ್ ಅಂತ ತೋರಿಸುವುದು ಸ್ಟುಡಿಯೋದೊಳಗೆ ಕಟ್ಟಿದ ಬಿಳಿ ಬಿಳಿ ಸೆಟ್ಟು. ‘ಎಲ್ಲಾ ಟ್ರಿಕ್ಕು’ ಅಂದನಲ್ಲ, ಅಲ್ಲಿ ಮಾತ್ರ ಅವನು ಎಡವಿದ. ಟ್ರಿಕ್ ಇಲ್ಲದ್ದೇ ನಿಮ್ಮನ್ನು ಕಟ್ಟಿಹಾಕಿ ಕೂರಿಸಿತು ಅಂತ ನನಗೆ ಅನಿಸುತ್ತದೆ.

ಸಿನಿಮಾ ರಸಗ್ರಹಣ ಶಿಬಿರಗಳಲ್ಲಿ ನಾನು ಒಂದು ಆಟ ಆಡಿಸುತ್ತೇನೆ. ಇತ್ತೀಚಿನ ಯಾವುದಾದರೂ ಡಾನ್ಸ್ ಹಾಡು ಹಾಕುತ್ತೇನೆ. ಶಾಟ್ ಬದಲಾದಾಗಲೆಲ್ಲ ಮೇಜು ತಟ್ಟಿ ಅನ್ನುತ್ತೇನೆ. ಮೊದಲು ಟಕ್, ಟಕ್ ಅಂತ ಕೇಳುತ್ತದೆ. ಹತ್ತು ಸೆಕೆಂಡ್ ಆಗುವಷ್ಟರಲ್ಲಿ ತಗಡಿನ ಮೇಲೆ ಮಳೆ ಬಿದ್ದ ಹಾಗಾಗುತ್ತದೆ. ಆಮೇಲೆ ‘ಟಾಪ್ ಹ್ಯಾಟ್’ನಲ್ಲಿ ನೀವು ನೋಡಿದ ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಜೋಡಿಯ ಒಂದು ಕುಣಿತ ಹಾಕುತ್ತೇನೆ. ಎತ್ತಿದ ಕೈಗಳು ಎತ್ತಿದ ಹಾಗೇ ಇರುತ್ತವೆ. ಅರ್ಧ ನಿಮಿಷವಾಗುತ್ತದೆ, ಒಂದು ನಿಮಿಷವಾಗುತ್ತದೆ. ಎಷ್ಟೋ ಹೊತ್ತಿಗೆ ಯಾರೋ ಒಬ್ಬರು ಟಕ್ ಅನ್ನಿಸಿದರೆ ಉಳಿದವರು ಬೆಚ್ಚುತ್ತಾರೆ. ಧಾರವಾಡ ಕಡೆಯ ಹುಡುಗಿಯೊಬ್ಬಳು ಹಾಗೆ ಕೈ ಎತ್ತಿಕೊಂಡೇ ಕೇಳಿದ್ದಳು, “ಸರ, ಇವ್ರು ಉಸರು ಯಾವಾಗ ತಗೋತಾರ್ರಿ?”

ಆ ಪ್ರಶ್ನೆಯೇ ನಿಮಗೆ ಉತ್ತರ. ಕಟ್ ಆದರೆ, ಅಂದರೆ ಶಾಟ್ ಬದಲಾದರೆ, ಕುಣಿಯುವವರಿಗೆ ಉಸಿರು ಸಿಗುತ್ತದೆ. ನೀರು ಕುಡಿಯುತ್ತಾರೆ, ಬೆವರು ಒರೆಸಿಕೊಳ್ಳುತ್ತಾರೆ, ತಪ್ಪಿದ ಹೆಜ್ಜೆಯನ್ನು ಮತ್ತೆ ಹಾಕುತ್ತಾರೆ. ಕಟ್ ಇಲ್ಲದಿದ್ದರೆ ಅವರ ಉಸಿರೂ ನಮ್ಮ ಉಸಿರೂ ಒಟ್ಟಿಗೇ ನಡೆಯುತ್ತದೆ. ನಾವು ನೋಡುವ ಮೂರು ನಿಮಿಷ ಅವರು ಕುಣಿದ ಮೂರು ನಿಮಿಷವೇ.

ಇದು ತಾನಾಗಿ ಆದದ್ದಲ್ಲ. ಅಸ್ಟೇರ್ ಹಟ ಹಿಡಿದು ಮಾಡಿಸಿದ್ದು. ಅವರು 1899ರಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ ಹುಟ್ಟಿದವರು. ಚಿಕ್ಕ ಹುಡುಗನಾಗಿದ್ದಾಗಿನಿಂದ ಅಕ್ಕ ಅಡೆಲ್ ಜೊತೆ ವೇದಿಕೆಯ ಮೇಲೆ ಕುಣಿದರು. 1932ರಲ್ಲಿ ಅಕ್ಕ ಮದುವೆಯಾಗಿ ರಂಗ ಬಿಟ್ಟರು. ಮರುವರ್ಷ ಅಸ್ಟೇರ್ ಸಿನಿಮಾಕ್ಕೆ ಬಂದರು. ಆಗ ವಯಸ್ಸು 34. ಉದ್ದ ಮುಖ, ಹಿಂದೆ ಸರಿಯುತ್ತಿದ್ದ ಕೂದಲು. ನೋಡಿದ ಕೂಡಲೇ ಹೀರೊ ಅನ್ನುವ ಹಾಗೇನೂ ಇರಲಿಲ್ಲ. ಆದರೆ ಅಷ್ಟು ವರ್ಷ ರಂಗದ ಮೇಲೆ ಕಳೆದವರಿಗೆ ಒಂದು ಗೊತ್ತಿತ್ತು: ಟಿಕೆಟ್ ತೆಗೆದುಕೊಂಡು ಬಂದವರು ಇಡೀ ಮನುಷ್ಯನನ್ನು ನೋಡಬೇಕು. ಹಾಗಾಗಿ ಕ್ಯಾಮೆರಾ ತಲೆಯಿಂದ ಪಾದದವರೆಗೂ ತೋರಿಸಬೇಕು ಅಂದರು. ನಡುವೆ ಬರೀ ಪಾದದ ಕ್ಲೋಸಪ್ ಬೇಡ. ಸುತ್ತ ನಿಂತವರು ಬೆರಗಾಗಿ ನೋಡುವ ಶಾಟ್ ಬೇಡ. ಕಟ್ ಆದಷ್ಟು ಕಡಿಮೆ ಇರಲಿ. ಒಂದೋ ಕ್ಯಾಮೆರಾ ಕುಣಿಯಲಿ, ಇಲ್ಲಾ ನಾನು ಕುಣಿಯುತ್ತೇನೆ ಅನ್ನುವ ಅರ್ಥದ ಮಾತು ಅವರ ಹೆಸರಲ್ಲಿ ಇವತ್ತಿಗೂ ಓಡಾಡುತ್ತದೆ. ಆರ್‌ಕೆಒ ಸ್ಟುಡಿಯೋದಲ್ಲಿ ಕ್ಯಾಮೆರಾವನ್ನು ಚಕ್ರದ ಗಾಡಿಯ ಮೇಲೆ ಕೂರಿಸಿ ಉರುಳಿಸುತ್ತಿದ್ದರು. ಜೋಡಿ ಅತ್ತ ಸರಿದರೆ ಅದೂ ಅತ್ತ ಸರಿಯುತ್ತದೆ. ಹತ್ತಿರ ಬಂದರೆ ಮೆಲ್ಲಗೆ ಹಿಂದೆ ಹೋಗುತ್ತದೆ. ಅದು ಅಲ್ಲಿದೆ ಅನ್ನುವುದೇ ನಮಗೆ ಮರೆತುಹೋಗುತ್ತದೆ.

ನೀವು ನಾಟ್ಯ ಕಲಿತವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಲಕ್ಕೆ ಪಾದ ತಟ್ಟುವ ತಟ್ಟಡವು ಹಾಕುವ ಹುಡುಗಿಯ ಪಾದವನ್ನಷ್ಟೇ ತೋರಿಸಿದರೆ ಅವಳು ಮಂಡಿ ಬಗ್ಗಿಸಿ ಅರೆಮಂಡಿಯಲ್ಲಿ ಕೂತಿದ್ದಾಳೋ ಇಲ್ಲವೋ ಹೇಗೆ ತಿಳಿಯಬೇಕು? ಮುಖವನ್ನಷ್ಟೇ ತೋರಿಸಿದರೆ ಕೈ ಹೋದ ಕಡೆ ಕಣ್ಣು ಹೋಯಿತೋ ಇಲ್ಲವೋ ಯಾರಿಗೆ ಗೊತ್ತು? ಗುರುಗಳು ಕೋಲು ಹಿಡಿದು ಕೂತಾಗ ನೋಡುತ್ತಿದ್ದದ್ದು ಇಡೀ ಮೈಯನ್ನಲ್ವಾ? ಟಿವಿ ಮುಂದೆ ಕೂತ ನಿಮ್ಮ ಕಣ್ಣು ಮಾಡಿದ್ದೂ ಅದೇ ಕೆಲಸ. ಅದಕ್ಕೆ ಹಳೆಯದರ ಮೋಹ ಅಂತ ಹೆಸರಿಡಬೇಡಿ.

ಆ ಕಾಲದ ಹಾಲಿವುಡ್‌ನಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು ಅಂದುಕೊಳ್ಳಬೇಡಿ. ಬಸ್ಬಿ ಬರ್ಕ್ಲಿ ಅನ್ನುವವರಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಸೈನ್ಯದಲ್ಲಿ ಕವಾಯತು ಮಾಡಿಸಿದವರು. 1933ರ ಒಂದೇ ವರ್ಷ ‘42ನೇ ಸ್ಟ್ರೀಟ್’, ‘ಗೋಲ್ಡ್ ಡಿಗ್ಗರ್ಸ್ ಆಫ್ 1933’, ‘ಫುಟ್‌ಲೈಟ್ ಪರೇಡ್’ ಮೂರಕ್ಕೂ ನೃತ್ಯ ಸಂಯೋಜಿಸಿದರು. ಕ್ಯಾಮೆರಾವನ್ನು ಮಾಡಿನ ಹತ್ತಿರ ಏರಿಸಿ ಕೆಳಗೆ ಹತ್ತಾರು ಹುಡುಗಿಯರನ್ನು ವೃತ್ತವಾಗಿ ಮಲಗಿಸಿದರೆ ಸೇವಂತಿಗೆ ಅರಳಿದ ಹಾಗೆ ಕಾಣುತ್ತದೆ. ಅಮೆರಿಕದಲ್ಲಿ ಆಗ ಕೆಲಸವಿಲ್ಲದೆ ಜನ ಬ್ರೆಡ್ಡಿಗೆ ಸಾಲು ನಿಲ್ಲುತ್ತಿದ್ದ ಕಾಲ. ಆ ವೈಭವಕ್ಕೆ ಜನ ಮುಗಿಬಿದ್ದರು. ನನಗೂ ಅದನ್ನು ನೋಡುವುದಿಷ್ಟ, ಆದರೆ ರಂಗೋಲಿ ನೋಡಿದ ಹಾಗೆ ನೋಡುತ್ತೇನೆ. ಅಲ್ಲಿ ಒಬ್ಬಳ ಹೆಜ್ಜೆ ತಪ್ಪಿದರೂ ನಮಗೆ ತಿಳಿಯುವುದಿಲ್ಲ. ನಮ್ಮ ಇವತ್ತಿನ ನೂರು ಜನರ ಡಾನ್ಸ್ ಹಾಡುಗಳು ಈ ಬರ್ಕ್ಲಿ ಮನೆತನಕ್ಕೆ ಹತ್ತಿರ, ಅಸ್ಟೇರ್ ಮನೆತನಕ್ಕೆ ದೂರ.

ಈಗ ನೀವು ನೋಡಿದ ಸಿನಿಮಾಕ್ಕೇ ಹೋಗೋಣ. ಲಂಡನ್ನಿನ ಪಾರ್ಕಿನಲ್ಲಿ ಮಳೆ ಬಂದು ಇಬ್ಬರೂ ಬ್ಯಾಂಡ್‌ಸ್ಟ್ಯಾಂಡ್‌ ಮಂಟಪದೊಳಗೆ ಓಡಿ ಬರುತ್ತಾರಲ್ಲ, ಆ ದೃಶ್ಯವನ್ನು ಇನ್ನೊಮ್ಮೆ ಹಾಕಿಸಿಕೊಳ್ಳಿ. ಜಿಂಜರ್ ಹಾಕಿರುವುದು ಕುದುರೆ ಸವಾರಿಯ ಪ್ಯಾಂಟು, ಕೋಟು. ಅಸ್ಟೇರ್ ಹಾಡುತ್ತಾರೆ. ಅವಳು ಅವರಿಗೆ ಬೆನ್ನು ಹಾಕಿ ಕೂತಿದ್ದಾಳೆ, ಆದರೆ ಮುಖ ನಮ್ಮ ಕಡೆಗಿದೆ. ಕೋಪ ಮೆಲ್ಲಗೆ ಕರಗುವುದು ನಮಗೆ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ಹಾಡು ಮುಗಿದ ಮೇಲೆ ಅವರು ಎದ್ದು ಸಿಳ್ಳೆ ಹಾಕುತ್ತಾ ಸುಮ್ನೆ ಅಡ್ಡಾಡುತ್ತಾರೆ. ಅವಳೂ ಎದ್ದು ಜೇಬಿಗೆ ಕೈ ಹಾಕಿ, ಸಿಳ್ಳೆ ಹಾಕುತ್ತಾ, ಅವರ ನಡಿಗೆಯನ್ನೇ ಅಣಕಿಸುತ್ತಾ ಹಿಂದೆ ಬರುತ್ತಾಳೆ. ಅವರು ಒಂದು ಹೆಜ್ಜೆ ಹಾಕಿ ತೋರಿಸಿದರೆ ಇವಳು ಅದನ್ನೇ ಹಾಕುತ್ತಾಳೆ, ಇಷ್ಟೇನಾ ಅನ್ನುವ ಹಾಗೆ. ಅವರು ಇನ್ನೊಂದು ಹಾಕುತ್ತಾರೆ. ಇವಳು ಅದಕ್ಕೂ ಸೈ. ಗುಡುಗು ಬಡಿಯುತ್ತದೆ, ಕಾಲಿನ ವೇಗ ಏರುತ್ತದೆ.

ಇಷ್ಟಾದರೂ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿಲ್ಲ, ಗಮನಿಸಿ. ಕುಣಿತ ಬಹುಪಾಲು ಮುಗಿದ ಮೇಲೆಯೇ ಕೈಗೆ ಕೈ ಸೇರುವುದು. ಕೊನೆಗೆ ಮಂಟಪದ ಅಂಚಿಗೆ ಬಂದು, ನೆಲದ ಮೇಲೆ ಕೂತು, ಕೈ ಕುಲುಕುತ್ತಾರೆ. ಮುತ್ತಿಲ್ಲ, ಅಪ್ಪುಗೆ ಇಲ್ಲ. ಪಂದ್ಯ ಮುಗಿಸಿದ ಇಬ್ಬರು ಆಟಗಾರರ ಹಾಗೆ ಒಂದು ಹ್ಯಾಂಡ್‌ಶೇಕ್. ಜಗಳದಿಂದ ಸಲಿಗೆಯವರೆಗಿನ ದಾರಿಯನ್ನು ಇವರು ಕಾಲಲ್ಲೇ ನಡೆದು ಮುಗಿಸಿದರು. ಮೊಮ್ಮಗ ಹುಡುಕಿದ ಕಥೆ ಇಲ್ಲಿತ್ತು.

ಅದೇ ಸಿನಿಮಾದ ಮೊದಲಲ್ಲಿ ಅಸ್ಟೇರ್ ಹೋಟೆಲ್ ರೂಮಿನಲ್ಲಿ ರಾತ್ರಿ ಹೊತ್ತು ಟಪಟಪ ಕುಣಿದು ಕೆಳಗಿನ ರೂಮಿನಲ್ಲಿ ಮಲಗಿದ್ದ ಜಿಂಜರ್ ನಿದ್ದೆ ಕೆಡಿಸುತ್ತಾರೆ. ಅವಳು ಬಂದು ಬೈದು ಹೋಗುತ್ತಾಳೆ. ಆಮೇಲೆ ಏನು ಮಾಡುತ್ತಾರೆ ನೆನಪಿದೆಯಾ? ನೆಲದ ಮೇಲೆ ಮರಳು ಹರಡಿ, ಅದರ ಮೇಲೆ ಸರಸರ ಅಂತ ಮೆತ್ತಗೆ ಪಾದ ಎಳೆಯುತ್ತಾ ಅವಳಿಗೆ ಜೋಗುಳ ಹಾಡಿದ ಹಾಗೆ ಕುಣಿಯುತ್ತಾರೆ. ಕೆಳಗೆ ಅವಳಿಗೆ ನಿದ್ದೆ ಹತ್ತುತ್ತದೆ. ನನಗೆ ಇಡೀ ಸಿನಿಮಾದಲ್ಲಿ ತುಂಬಾ ಇಷ್ಟವಾದ ಎರಡು ನಿಮಿಷ ಅದು.

ಈ ಬಗೆಯ ಸಿನಿಮಾಗಳಲ್ಲಿ ನಾನು ಕಾದು ಕೂರುವ ಒಂದು ಗಳಿಗೆ ಇದೆ. ನಡಿಗೆ ಕುಣಿತವಾಗುವ ಗಳಿಗೆ. 1953ರ ‘ದಿ ಬ್ಯಾಂಡ್ ವ್ಯಾಗನ್’ನಲ್ಲಿ ಅಸ್ಟೇರ್‌ಗೆ ವಯಸ್ಸಾಗಿದೆ, ಪಾತ್ರದಲ್ಲೂ ನಿಜದಲ್ಲೂ. ಜೊತೆಗಿರುವವರು ಸಿಡ್ ಶರೀಸ್, ಬ್ಯಾಲೆ ಕಲಿತವರು. ಕಥೆಯಲ್ಲಿ ಇಬ್ಬರಿಗೂ ಒಳಗೊಳಗೇ ಅಳುಕು: ನಮ್ಮಿಬ್ಬರ ಶೈಲಿಯೇ ಬೇರೆ, ಒಟ್ಟಿಗೆ ಕುಣಿಯಲು ಆಗುತ್ತಾ? ರಾತ್ರಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸುಮ್ಮನೆ ಅಕ್ಕಪಕ್ಕ ನಡೆಯುತ್ತಾರೆ. ಪಾರ್ಕೂ ಸೆಟ್ಟೇ, ಬಿಡಿ. ಮಾತಿಲ್ಲ, ಹಾಡಿಲ್ಲ, ವಾದ್ಯ ಮಾತ್ರ. ನಡೆಯುತ್ತಾ ನಡೆಯುತ್ತಾ ಅವಳು ಒಂದು ಸುತ್ತು ತಿರುಗುತ್ತಾಳೆ, ಸುಮ್ನೆ ತಿರುಗಿದಳೇನೋ ಅನ್ನುವಷ್ಟು ಸಣ್ಣದಾಗಿ. ಅವರೂ ಒಂದು ಹೆಜ್ಜೆ ಹಾಕುತ್ತಾರೆ. ಹತ್ತು ಸಲ ನೋಡಿದ್ದೇನೆ ಮೇಡಂ, ನಡಿಗೆ ಮುಗಿದದ್ದೆಲ್ಲಿ, ಕುಣಿತ ಶುರುವಾದದ್ದೆಲ್ಲಿ ಅಂತ ಬೆರಳಿಟ್ಟು ತೋರಿಸಲು ನನಗಿನ್ನೂ ಆಗಿಲ್ಲ. ಮುಗಿಯುವಾಗಲೂ ಅಷ್ಟೇ, ಕುಣಿಯುತ್ತಲೇ ಮೆಟ್ಟಿಲೇರಿ ಕುದುರೆ ಗಾಡಿ ಹತ್ತಿ ಕೂತುಬಿಡುತ್ತಾರೆ.

ಇಷ್ಟು ಸಲೀಸಾಗಿ ಕಾಣಬೇಕಾದರೆ ಹಿಂದೆ ಎಷ್ಟು ಒದ್ದಾಟವಿರಬೇಕು, ನೋಡಿ. ಅಸ್ಟೇರ್ ಜೊತೆ ಹೆಜ್ಜೆ ಕಟ್ಟುತ್ತಿದ್ದವರು ಹರ್ಮಿಸ್ ಪ್ಯಾನ್. ಶೂಟಿಂಗಿಗೆ ವಾರಗಟ್ಟಲೆ ಮೊದಲೇ ಇಬ್ಬರೂ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಆಗ ಜಿಂಜರ್ ಪಾಲಿನ ಹೆಜ್ಜೆಗಳನ್ನು ಪ್ಯಾನ್ ಅವರೇ ಹಾಕುವುದು, ಆಮೇಲೆ ಅವನ್ನು ಜಿಂಜರ್‌ಗೆ ಕಲಿಸುವುದು. ಜಿಂಜರ್ ಆ ಹೊತ್ತಿಗೆ ಬೇರೆ ಸಿನಿಮಾಗಳಲ್ಲೂ ನಟಿಸುತ್ತಿರುತ್ತಿದ್ದರು. 1936ರ ‘ಸ್ವಿಂಗ್ ಟೈಮ್’ನ ಕೊನೆಯ ಕುಣಿತಕ್ಕೆ 47 ಟೇಕ್ ಆದವು, ಜಿಂಜರ್ ಪಾದದಿಂದ ರಕ್ತ ಬಂದಿತ್ತು ಅನ್ನುವುದು ಆ ಸೆಟ್ಟಿನ ಹೆಸರಾಂತ ಕಥೆ. ‘ಟಾಪ್ ಹ್ಯಾಟ್’ನಲ್ಲಿ ಕೆನ್ನೆಗೆ ಕೆನ್ನೆ ಇಟ್ಟು ಕುಣಿಯುವಾಗ ಅವಳು ತೊಟ್ಟಿದ್ದು ಆಸ್ಟ್ರಿಚ್ ಗರಿಯ ಗೌನು. ತಿರುಗಿದಾಗಲೆಲ್ಲ ಗರಿ ಉದುರಿ ಅಸ್ಟೇರ್ ಕೋಟಿಗೆ, ಮೂಗಿಗೆ. ಅವರಿಗೆ ತಲೆ ಕೆಟ್ಟುಹೋಯಿತು. ಜಿಂಜರ್ ಮಾತ್ರ ಗೌನು ಬದಲಾಯಿಸಲು ಒಪ್ಪಲಿಲ್ಲ. ಆಮೇಲೆ ಅಸ್ಟೇರ್ ಚಿನ್ನದ ಪುಟ್ಟ ಗರಿಯೊಂದನ್ನು ಕೊಟ್ಟು ರಾಜಿಯಾದರು. ಕಣ್ಣಿಟ್ಟು ನೋಡಿದರೆ ಒಂದೆರಡು ಗರಿ ತೇಲಿ ಹೋಗುವುದು ಸಿನಿಮಾದಲ್ಲಿ ಇವತ್ತಿಗೂ ಕಾಣುತ್ತದೆ. ಮುಂದಿನ ಸಲ ಹುಡುಕಿ.

ಅಸ್ಟೇರ್ ಮಾಡಿದ್ದನ್ನೆಲ್ಲ ಜಿಂಜರ್ ಹೈಹೀಲ್ಸ್ ಹಾಕಿಕೊಂಡು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಮಾಡಿದರು ಅನ್ನುವ ಮಾತನ್ನು ನೀವೂ ಎಲ್ಲೋ ಕೇಳಿರಬಹುದು. ಅದನ್ನು ಜಿಂಜರ್ ಬಾಯಲ್ಲೇ ಹೇಳಿಸುತ್ತಾರೆ. ನಿಜವಾಗಿ ಅದು ಬಂದದ್ದು 1982ರಲ್ಲಿ, ಬಾಬ್ ಥೇವ್ಸ್ ಬರೆದ ಒಂದು ಕಾರ್ಟೂನಿನಲ್ಲಿ. ಯಾರು ಹೇಳಿದರೇನು, ಮಾತಂತೂ ಸರಿಯೇ. ನಾನು ಇನ್ನೊಂದು ಸೇರಿಸುತ್ತೇನೆ. ಆ ಹೆಂಗಸು ಕುಣಿಯುವಾಗಲೂ ನಟನೆ ನಿಲ್ಲಿಸುತ್ತಿರಲಿಲ್ಲ. ಅಸ್ಟೇರ್ ಜೊತೆ ಜಿಂಜರ್‌ಗಿಂತ ಚೆನ್ನಾಗಿ ಕುಣಿದವರಿದ್ದಾರೆ, ಎಲೆನರ್ ಪೊವೆಲ್ ಒಬ್ಬರು ಸಾಕು. ಆದರೆ ಕುಣಿಯುತ್ತಾ ಕುಣಿಯುತ್ತಾ ಒಬ್ಬ ಹೆಣ್ಣು ಮನಸ್ಸು ಬದಲಾಯಿಸುವುದು ನಮಗೆ ಕಾಣುವುದು ಜಿಂಜರ್ ಮುಖದಲ್ಲೇ.

ಇನ್ನು ಟ್ರಿಕ್ಕಿನ ವಿಷಯ. ಸುಳ್ಳು ಹೇಳುವುದಿಲ್ಲ, ಕೆಲವು ಇದ್ದವು. ದೊಡ್ಡದು ಸದ್ದಿನದು. ಟ್ಯಾಪ್ ಕುಣಿತಕ್ಕೆ ಶೂಗಳ ಮುಂದೆ ಹಿಂದೆ ಲೋಹದ ಬಿಲ್ಲೆ ಹೊಡೆದಿರುತ್ತಾರೆ. ಬೆರಳಿನ ಕಡೆಗೊಂದು, ಹಿಮ್ಮಡಿಗೊಂದು. ಎರಡು ಕಾಲಿಗೆ ನಾಲ್ಕು ಬಿಲ್ಲೆ, ಅಂದರೆ ಕಾಲೇ ತಾಳವಾದ್ಯ. ಶೂಟಿಂಗ್ ಮಾಡುವಾಗ ಮೊದಲೇ ರೆಕಾರ್ಡ್ ಮಾಡಿದ ಸಂಗೀತವನ್ನು ಸೆಟ್ಟಿನಲ್ಲಿ ಹಾಕಿ ಅದಕ್ಕೆ ಕುಣಿಯುತ್ತಿದ್ದರು. ನಮ್ಮ ಸಿನಿಮಾದವರಿಗೆ ಚೆನ್ನಾಗಿ ಗೊತ್ತಿರುವ ಪದ್ಧತಿ. ಆ ಗದ್ದಲದಲ್ಲಿ ಹೆಜ್ಜೆಯ ಸದ್ದು ಚೊಕ್ಕವಾಗಿ ಸಿಗುವುದಿಲ್ಲ. ಹಾಗಾಗಿ ಆಮೇಲೆ ಸ್ಟುಡಿಯೋದಲ್ಲಿ ಪರದೆ ನೋಡುತ್ತಾ ಹೆಜ್ಜೆಗೆ ಹೆಜ್ಜೆ ಕೂಡಿಸಿ ಮತ್ತೆ ಟ್ಯಾಪ್ ಮಾಡಿ ಸದ್ದು ಸೇರಿಸುತ್ತಿದ್ದರು. ಜಿಂಜರ್ ಹೆಜ್ಜೆಗಳ ಸದ್ದನ್ನು ಎಷ್ಟೋ ಸಲ ಹರ್ಮಿಸ್ ಪ್ಯಾನ್ ಹಾಕಿದ್ದಾರೆ. ಮೊಮ್ಮಗನಿಗೆ ಇಲ್ಲಿ ಒಂದು ಅಂಕ ಕೊಡಿ.

ಎರಡನೆಯದು ಇನ್ನೂ ಮಜಾ ಇದೆ. 1951ರ ‘ರಾಯಲ್ ವೆಡ್ಡಿಂಗ್’ನಲ್ಲಿ ಅಸ್ಟೇರ್ ಗೋಡೆ ಹತ್ತಿ, ಮಾಡಿನ ಮೇಲೆ ತಲೆಕೆಳಗಾಗಿ ಕುಣಿದು, ಇನ್ನೊಂದು ಗೋಡೆಯಿಂದ ಇಳಿದು ಬರುತ್ತಾರೆ. ಕಂಪ್ಯೂಟರ್ ಇರಲಿಲ್ಲ, ಹಗ್ಗ ಇಲ್ಲ. ಇಡೀ ಕೋಣೆಯನ್ನು ಉಕ್ಕಿನ ದೊಡ್ಡ ಪೀಪಾಯಿಯಂಥ ಚೌಕಟ್ಟಿನೊಳಗೆ ಕಟ್ಟಿ ಗಿರಗಿರ ತಿರುಗುವ ಹಾಗೆ ಮಾಡಿದ್ದರು. ಕುರ್ಚಿ, ಮೇಜು, ದೀಪ ಎಲ್ಲ ನೆಲಕ್ಕೆ ಬಿಗಿದದ್ದು. ಕ್ಯಾಮೆರಾವನ್ನೂ ಕ್ಯಾಮೆರಾಮನ್‌ನನ್ನೂ ಕೋಣೆಗೇ ಕಟ್ಟಿದ್ದರು. ಕೋಣೆ ತಿರುಗಿದರೆ ಅವರೂ ಜೊತೆಗೆ ತಿರುಗುತ್ತಾರೆ. ಅದಕ್ಕೇ ನಮಗೆ ಕೋಣೆ ನಿಂತ ಹಾಗೆ, ಮನುಷ್ಯ ಗೋಡೆ ಹತ್ತಿದ ಹಾಗೆ ಕಾಣುತ್ತದೆ. ನಿಜದಲ್ಲಿ ಅಸ್ಟೇರ್ ಯಾವಾಗಲೂ ಕೆಳಗೇ ಇದ್ದರು. ಗೋಡೆ ನೆಲವಾಗುವ ಸರಿಯಾದ ಗಳಿಗೆಗೆ ಕಾಲಿಡಬೇಕಿತ್ತು, ಅಷ್ಟೆ. ಆ ‘ಅಷ್ಟೆ’ಯನ್ನು ಮಾಡಲು ಇನ್ನೊಬ್ಬರಿಂದ ಆಗುತ್ತಿರಲಿಲ್ಲ. ಟ್ರಿಕ್ ಮಾಡಿದ್ದು ಕೋಣೆಗೆ. ಮನುಷ್ಯನ ಕುಣಿತಕ್ಕೆ ಯಾರೂ ಕೈ ಹಚ್ಚಲಿಲ್ಲ.

ಒಂದು ನನ್ನದೇ ಕಥೆ ಹೇಳಿಬಿಡುತ್ತೇನೆ. ಹತ್ತು ವರ್ಷದ ಹಿಂದೆ, ಬರೆಯುವವನಿಗೆ ಗೊತ್ತಿರಬೇಕಲ್ಲ ಅಂತ, ಟ್ಯಾಪ್ ಕಲಿಯಲು ಹೋಗಿದ್ದೆ. ಶಫಲ್ ಅಂತ ಒಂದು ಹೆಜ್ಜೆ. ಪಾದವನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ನೆಲಕ್ಕೆ ಸವರಿ ಎರಡು ಸದ್ದು ತೆಗೆಯಬೇಕು. ಮೂರು ವಾರವಾದರೂ ನನ್ನಿಂದ ಬಂದದ್ದು ಒಂದೇ ಸದ್ದು, ಅದೂ ಬಿಂದಿಗೆ ಬಿದ್ದ ಹಾಗೆ. ಆ ಮೇಲಿಂದ ಅಸ್ಟೇರ್ ಜೇಬಿಗೆ ಕೈ ಹಾಕಿಕೊಂಡು ಟ್ಯಾಪ್ ಮಾಡುವುದು ಕಂಡರೆ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ.

ಅಸ್ಟೇರ್‌ಗಿಂತ ತೀರಾ ಬೇರೆ ಮನುಷ್ಯ ಜೀನ್ ಕೆಲಿ. 1912ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದವರು. ಅಸ್ಟೇರ್ ಗಾಳಿಗೆ ಹತ್ತಿರ, ಕೆಲಿ ನೆಲಕ್ಕೆ ಹತ್ತಿರ. ಗಟ್ಟಿ ತೊಡೆ, ಅಗಲ ಭುಜ. ಹಿಂದೆ ಬಾಲವಿರುವ ಕೋಟಿನ ಬದಲು ಟೀ ಶರ್ಟು, ಬಿಳಿ ಕಾಲುಚೀಲ. ದುಡಿಯುವವನ ಬಟ್ಟೆಯಲ್ಲಿ ಕುಣಿಯಬೇಕು ಅನ್ನುವುದು ಅವರ ಆಸೆ. ಕ್ಯಾಮೆರಾ ವಿಷಯದಲ್ಲೂ ಅಸ್ಟೇರ್ ಮಾತು ಅವರಿಗೆ ಪೂರ್ತಿ ಒಪ್ಪಿಗೆಯಿಲ್ಲ. ಕ್ಯಾಮೆರಾನೂ ಸ್ವಲ್ಪ ಕುಣಿಯಲಿ ಬಿಡಿ ಅನ್ನುವವರು ಅವರು. 1945ರಲ್ಲಿ ಕಾರ್ಟೂನಿನ ಜೆರ್ರಿ ಇಲಿಯ ಜೊತೆ ಕುಣಿದರು. 1949ರಲ್ಲಿ ‘ಆನ್ ದ ಟೌನ್’ ಸಿನಿಮಾಕ್ಕೆ ಸೆಟ್ ಬಿಟ್ಟು ನ್ಯೂಯಾರ್ಕಿನ ಬೀದಿಗಿಳಿದರು.

ಅವರ 1952ರ ‘ಸಿಂಗಿನ್ ಇನ್ ದ ರೇನ್’ ಹೆಸರು ನೀವು ಕೇಳಿಯೇ ಇರುತ್ತೀರಿ. ಕೆಲಿ ಮತ್ತು ಸ್ಟ್ಯಾನ್ಲಿ ಡೊನೆನ್ ಇಬ್ಬರೂ ಸೇರಿ ನಿರ್ದೇಶಿಸಿದ್ದು. ಆ ಮಳೆಯ ಕುಣಿತ ಯಾಕೆ ಅಷ್ಟು ಹಿತ ಅಂದರೆ, ಅವರು ಮಾಡುವುದೆಲ್ಲ ನಾವೂ ಚಿಕ್ಕಂದಿನಲ್ಲಿ ಮಾಡಿದ್ದೇ. ಕೊಡೆ ಮಡಚಿ ನೆನೆಯುವುದು. ದೀಪದ ಕಂಬಕ್ಕೆ ಜೋತು ಬೀಳುವುದು. ಮಾಡಿನಿಂದ ಸುರಿಯುವ ನೀರಿಗೆ ಮುಖವೊಡ್ಡುವುದು. ಒಂದು ಕಾಲು ಫುಟ್‌ಪಾತಿನ ಮೇಲೆ, ಇನ್ನೊಂದು ರಸ್ತೆಯಲ್ಲಿ ಇಟ್ಟು ಕುಂಟುತ್ತಾ ಹೋಗುವುದು. ಕೊನೆಗೆ ಗುಂಡಿಯ ನೀರಲ್ಲಿ ದಬದಬ ಹಾರುವುದು. ಪೊಲೀಸಪ್ಪ ಬಂದು ಸುಮ್ಮನೆ ನಿಂತು ನೋಡಿದಾಗ ಸಿಕ್ಕಿಬಿದ್ದ ಹುಡುಗನ ಹಾಗೆ ಮೆಲ್ಲಗೆ ಜಾರಿಕೊಳ್ಳುತ್ತಾರೆ. ಕೊಡೆಯನ್ನು ದಾರಿಯಲ್ಲಿ ಹೋಗುವವನ ಕೈಗೆ ಕೊಟ್ಟು ನಡೆದುಬಿಡುತ್ತಾರೆ.

ಆ ದಿನ ಅವರಿಗೆ 103 ಡಿಗ್ರಿ ಜ್ವರ. ಬೀದಿ ಎಂಜಿಎಂ ಸ್ಟುಡಿಯೋದ ಆವರಣದಲ್ಲಿ ಕಟ್ಟಿದ್ದು. ಹಗಲಲ್ಲೇ ಮೇಲೆ ಕಪ್ಪು ಟಾರ್ಪಾಲು ಎಳೆದು ಕತ್ತಲು ಮಾಡಿದ್ದರು. ನೀರಿನ ಗುಂಡಿಗಳನ್ನೂ ಹೆಜ್ಜೆ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿ ತೋಡಿದ್ದು. ಮಳೆ ಚೆನ್ನಾಗಿ ಕಾಣಲಿ ಅಂತ ನೀರಿಗೆ ಹಾಲು ಬೆರೆಸಿದ್ದರು ಅಂತ ಒಂದು ಕಥೆ ಓಡಾಡುತ್ತದೆ. ಅದು ಸುಳ್ಳು. ಹನಿಗಳ ಹಿಂದಿನಿಂದ ಬೆಳಕು ಬಿಟ್ಟಿದ್ದರು, ಅದಕ್ಕೇ ಅವು ಹೊಳೆಯುತ್ತವೆ.

ಅದರಲ್ಲಿ ನಾಯಕಿ ಡೆಬಿ ರೆನಾಲ್ಡ್ಸ್‌ಗೆ ಆಗ 19 ವರ್ಷ. ಜಿಮ್ನಾಸ್ಟಿಕ್ಸ್ ಬರುತ್ತಿತ್ತು, ಇಂಥ ಕುಣಿತ ಬರುತ್ತಿರಲಿಲ್ಲ. ಕೆಲಿ ಕಟ್ಟುನಿಟ್ಟಿನ ಮೇಷ್ಟ್ರು. ಒಂದು ದಿನ ಆ ಹುಡುಗಿ ಪಿಯಾನೋ ಕೆಳಗೆ ಕೂತು ಅಳುತ್ತಿದ್ದಾಗ ಅಸ್ಟೇರ್ ಅಲ್ಲಿಗೆ ಬಂದರು. ತಮ್ಮ ಅಭ್ಯಾಸದ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಅವರು ಬೆವರು ಸುರಿಸಿ, ಮುಖ ಕೆಂಪಾಗಿ, ಅದೇ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕಿ ಒದ್ದಾಡುವುದನ್ನು ಅವಳು ನೋಡಿದಳು. ಡೆಬಿ ಅದನ್ನು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಸೋಫಾ ಉರುಳಿಸಿ ಡೆಬಿ, ಕೆಲಿ, ಇನ್ನೊಬ್ಬ ನಟ ಮೂವರೂ ನಗುತ್ತಾ ಮುಗಿಸುವ ಒಂದು ಕುಣಿತ ಆ ಸಿನಿಮಾದಲ್ಲಿದೆ. ಅದು ಬೆಳಿಗ್ಗೆ ಎಂಟಕ್ಕೆ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಡೆಬಿ ಪಾದದಲ್ಲೂ ರಕ್ತ. ನಗುವಿನಲ್ಲಿ ಅದರ ಸುಳಿವೂ ಇಲ್ಲ.

ಹಿನ್ನೆಲೆ ಗಾಯನದ ನಾಡಿನವರಾದ ನಮಗೆ ಅದರಲ್ಲಿ ಇನ್ನೊಂದು ತಮಾಷೆ ಇದೆ. ಕಥೆಯೇ ಮೂಕಿ ಹೋಗಿ ಟಾಕಿ ಬಂದ ಕಾಲದ್ದು. ಕೀರಲು ದನಿಯ ತಾರೆಗೆ ಡೆಬಿ ಪಾತ್ರ ಮರೆಯಲ್ಲಿ ನಿಂತು ದನಿ ಕೊಡುತ್ತದೆ. ನಿಜದಲ್ಲಿ? ಆ ತಾರೆಯ ಪಾತ್ರ ಮಾಡಿದ ಜೀನ್ ಹೇಗನ್ ಅವರ ಸ್ವಂತ ದನಿ ತುಂಬಾ ಚೆನ್ನಾಗಿತ್ತು. ಡೆಬಿ ಮಾತಿಗೆ ದನಿ ಕೊಡುವ ದೃಶ್ಯದಲ್ಲಿ ನಮಗೆ ಕೇಳುವುದು ಹೇಗನ್ ದನಿಯೇ. ಡೆಬಿ ಹಾಡಿದ ಹಾಗೆ ತೋರಿಸುವ ಒಂದು ಹಾಡನ್ನು ಬೆಟಿ ನೋಯೆಸ್ ಅನ್ನುವ ಇನ್ನೊಬ್ಬರು ಹಾಡಿದ್ದರು. ಅವರ ಹೆಸರು ಪರದೆ ಮೇಲೆ ಬರಲೇ ಇಲ್ಲ.

ಹೆಸರು ಬಾರದವರ ಮಾತು ಬಂತಲ್ಲ, ಈ ಸಿನಿಮಾಗಳನ್ನು ಮೆಚ್ಚುವಾಗ ನನಗೆ ಚುಚ್ಚುವ ವಿಷಯವನ್ನೂ ಹೇಳಬೇಕು. ಟ್ಯಾಪ್ ಬೆಳೆದದ್ದು ಅಮೆರಿಕದ ಕಪ್ಪು ಜನರ ಕಾಲಲ್ಲಿ. ಗುಲಾಮರಾಗಿ ಬಂದವರ ಹೆಜ್ಜೆಗಾರಿಕೆಗೆ ಐರಿಷ್ ಜಿಗ್, ಇಂಗ್ಲೆಂಡಿನ ಮರದ ಪಾದರಕ್ಷೆಯ ಕುಣಿತ ಎಲ್ಲ ಕೂಡಿಕೊಂಡಿತು. ಆದರೆ ಸಿನಿಮಾದಲ್ಲಿ ನಾಯಕರಾದವರು ಬಿಳಿಯರು. ಕಪ್ಪು ಕಲಾವಿದರ ಕುಣಿತವನ್ನು ಕಥೆಗೆ ಅಂಟದ ಹಾಗೆ ಬಿಡಿಯಾಗಿ ಸೇರಿಸುತ್ತಿದ್ದರು. ದಕ್ಷಿಣದ ರಾಜ್ಯಗಳ ಥಿಯೇಟರಿನವರು ಬೇಡವೆಂದರೆ ಅಷ್ಟನ್ನೇ ಕತ್ತರಿಸಿ ತೆಗೆಯಲು ಸುಲಭವಾಗಲಿ ಅಂತ. ನಾನು ಮೇಲೆ ಹೇಳಿದ ‘ಸ್ವಿಂಗ್ ಟೈಮ್’ನಲ್ಲೇ ಅಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುವ ಒಂದು ಭಾಗವಿದೆ. ಬಿಲ್ ‘ಬೋಜಾಂಗಲ್ಸ್’ ರಾಬಿನ್‌ಸನ್ ಅನ್ನುವ ದೊಡ್ಡ ಕಪ್ಪು ಕಲಾವಿದರಿಗೆ ಗೌರವ ಅಂತ ಮಾಡಿದ್ದು. ಗೌರವ ಸಲ್ಲಿಸುವ ರೀತಿ ಅದಲ್ಲ. ಮೊಮ್ಮಗ ಪಕ್ಕದಲ್ಲಿ ಕೂತಿದ್ದರೆ ಅದನ್ನು ದಾಟಿಸಬೇಡಿ, ನೋಡಿ, ಮಾತಾಡಿ.

ಅದಾದ ಮೇಲೆ 1943ರ ‘ಸ್ಟಾರ್ಮಿ ವೆದರ್’ನಿಂದ ನಿಕೊಲಸ್ ಸಹೋದರರ ಕುಣಿತವೊಂದನ್ನು ಹಾಕಿ. ಅಣ್ಣ ಫೇಯರ್ಡ್, ತಮ್ಮ ಹೆರಾಲ್ಡ್. ಅಪ್ಪ ಅಮ್ಮ ಥಿಯೇಟರಿನಲ್ಲಿ ವಾದ್ಯ ನುಡಿಸುತ್ತಿದ್ದವರು. ಅಲ್ಲಿ ಬರುತ್ತಿದ್ದ ಕಲಾವಿದರನ್ನು ನೋಡಿ ನೋಡಿಯೇ ಕಲಿತ ಮಕ್ಕಳು ಇವರು. ಬ್ಯಾಂಡಿನವರ ನಡುವೆ ಹಾರಿ, ಪಿಯಾನೋ ಮೇಲೆ ಹತ್ತಿ ಇಳಿದು, ಕೊನೆಗೆ ದೊಡ್ಡ ದೊಡ್ಡ ಮೆಟ್ಟಿಲು. ಒಬ್ಬ ಇನ್ನೊಬ್ಬನ ತಲೆಯ ಮೇಲಿಂದ ಹಾರಿ ಕೆಳಗಿನ ಮೆಟ್ಟಿಲಿಗೆ ಎರಡೂ ಕಾಲು ಚಾಚಿ ಬೀಳುತ್ತಾನೆ. ಎದ್ದು ನಿಲ್ಲುವಾಗ ಕೈ ಊರುವುದಿಲ್ಲ. ಆಗ ಇವನ ಮೇಲಿಂದ ಅವನು. ಹೀಗೇ ಮೆಟ್ಟಿಲು ಮುಗಿಯುವವರೆಗೂ. ತಾನು ನೋಡಿದ ಸಿನಿಮಾ ಕುಣಿತಗಳಲ್ಲೆಲ್ಲ ಇದೇ ಮೇಲು ಅಂತ ಅಸ್ಟೇರ್ ಹೇಳಿದ್ದರಂತೆ. ಕ್ಯಾಮೆರಾ ಇಲ್ಲೂ ದೂರ ನಿಂತು ಇಡೀ ಮೈಯನ್ನು ತೋರಿಸುತ್ತದೆ. ಹತ್ತಿರ ಬಂದಿದ್ದರೆ ನಮಗೆ ನಂಬಿಕೆಯೇ ಬರುತ್ತಿರಲಿಲ್ಲ.

ಇಂಥವು ಯಾಕೆ ನಿಂತವು ಅಂತಲೂ ನೀವು ಕೇಳಬಹುದು. ದುಡ್ಡು, ಮತ್ತೇನು. ಆಗ ಸ್ಟುಡಿಯೋಗಳು ಕುಣಿಯುವವರು, ವಾದ್ಯದವರು, ಬಟ್ಟೆ ಹೊಲಿಯುವವರು ಎಲ್ಲರನ್ನೂ ಸಂಬಳಕ್ಕಿಟ್ಟುಕೊಂಡಿದ್ದವು. ವಾರಗಟ್ಟಲೆ ಅಭ್ಯಾಸಕ್ಕೂ ಸಂಬಳ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದು ಸ್ಟುಡಿಯೋಗಳು ತಮ್ಮ ಥಿಯೇಟರುಗಳನ್ನು ಕೈಬಿಡಬೇಕಾಯಿತು. ಅಷ್ಟರಲ್ಲಿ ಟಿವಿ ಮನೆಮನೆಗೆ ಬಂತು. ಆ ಸಂಬಳ ಕೊಡುವ ಶಕ್ತಿ ಉಳಿಯಲಿಲ್ಲ. ಆಮೇಲೂ ಒಳ್ಳೆಯವು ಬಂದವು, 1961ರ ‘ವೆಸ್ಟ್ ಸೈಡ್ ಸ್ಟೋರಿ’ ಇದೆ. ಆದರೆ ವರ್ಷಕ್ಕೊಂದೆರಡು ಸಲ ಅಸ್ಟೇರ್ ಸಿನಿಮಾ ಬರುವ ಕಾಲ ಮುಗಿದಿತ್ತು.

ಮುಂದೆ ನೋಡಲು ಹೇಳುವುದಾದರೆ, ನೀವೊಬ್ಬರೇ ಇದ್ದಾಗ ‘ಸ್ವಿಂಗ್ ಟೈಮ್’. ಅದರಲ್ಲಿ ಕುಣಿಯಲು ಬಾರದವನ ಹಾಗೆ ನಟಿಸಿ ಅಸ್ಟೇರ್ ಮೊದಲು ದೊಪ್ಪನೆ ಬೀಳುತ್ತಾರೆ, ನಗು ತಡೆಯಲು ಆಗುವುದಿಲ್ಲ. ಆಮೇಲೆ ‘ದಿ ಬ್ಯಾಂಡ್ ವ್ಯಾಗನ್’. 1951ರ ‘ಆನ್ ಅಮೆರಿಕನ್ ಇನ್ ಪ್ಯಾರಿಸ್’ ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದದ್ದು, ಎಲ್ಲರೂ ನೋಡಿ ಅನ್ನುತ್ತಾರೆ. ಅದರ ಕೊನೆಯ ಹದಿನೇಳು ನಿಮಿಷದ ಬ್ಯಾಲೆಗೆ ನಾನು ಪ್ರತಿ ಸಲವೂ ಆಕಳಿಸುತ್ತೇನೆ. ನಿಮಗೆ ಹಿಡಿಸಿದರೆ ನನ್ನನ್ನು ಬೈಯಬೇಡಿ. ಮೊಮ್ಮಗನ ಜೊತೆ ‘ಸಿಂಗಿನ್ ಇನ್ ದ ರೇನ್’ ನೋಡಿ, ಅವನಿಗೆ ಬಣ್ಣವೂ ಸಿಕ್ಕಿತು, ಕಥೆಯೂ ಸಿಕ್ಕಿತು.

ಅದಕ್ಕೆ ಮೊದಲು ಒಂದು ಸಂಜೆ ಅವನಿಗೆ ಇಷ್ಟವಾದ ಹಾಡನ್ನೇ ಹಾಕಿ, ಮೇಜು ತಟ್ಟುವ ಆಟ ಆಡಿಸಿ. ಆಮೇಲೆ ಮಳೆಯ ಮಂಟಪದ ದೃಶ್ಯ ಹಾಕಿ. ಜಿಂಜರ್ ಎದ್ದು ಜೇಬಿಗೆ ಕೈ ಹಾಕಿದಾಗಿಂದ ಇಬ್ಬರೂ ಕೂತು ಕೈ ಕುಲುಕುವವರೆಗೂ ಅವನು ಎಷ್ಟು ಸಲ ತಟ್ಟಿದ ಅಂತ ಎಣಿಸಿ ನನಗೆ ಬರೆಯಿರಿ.